ಹುಣಸೆ ಗಿಡದಲ್ಲಿ ಅಪ್ಪ ತೋರಿಸಿದ ಹೊರಸು

ನನಗೆ ಹದಿಮೂರು ತುಂಬುವವರೆಗೆ ನಾನು ಅಪ್ಪನಿಗೆ ಹೇಳಿದ ದೊಡ್ಡ ಸುಳ್ಳು ಒಂದೇ. 'ಕಂಡ್ವು' ಎನ್ನುವುದು. ವರ್ಷಕ್ಕೊಮ್ಮೆ, ಯುಗಾದಿ ಆದ ಮೇಲೆ ಬರುವ ಅಮಾವಾಸ್ಯೆಯ ಸಂಜೆ, ಇಳಕಲ್ಲಿನ ನಮ್ಮ ಮಣ್ಣಿನ ಮಾಳಿಗೆಯ ಮೇಲೆ ನಿಂತು ಅದನ್ನು ಹೇಳುತ್ತಿದ್ದೆ.

ಅಪ್ಪ ಶಿರೂರಿನವನು. ಬೀರಪ್ಪನ ಒಕ್ಕಲು, ಕುರಿ ಕಾಯುವ ಮನೆ. ಸಣ್ಣಂದಿನಲ್ಲಿ ಹಟ್ಟಿಯ ಜೊತೆ ಹೊಲದಲ್ಲಿ ಮಲಗಿ ಅವನ ಅಜ್ಜನಿಂದ ಚುಕ್ಕಿ ಕಲಿತಿದ್ದ. ದೊಡ್ಡವನಾದ ಮೇಲೆ ಕುರಿ ಬಿಟ್ಟು ಇಳಕಲ್ಲಿಗೆ ಬಂದು ಸೀರೆಯ ಮಗ್ಗಕ್ಕೆ ಕೂತ. ಚುಕ್ಕಿ ತೋರಿಸುವ ಪದ್ಧತಿಯನ್ನು ಮಾತ್ರ ಬಿಡಲಿಲ್ಲ. ಬಡಗಣ ದಿಕ್ಕಿಗೆ ಬೆರಳು ಚಾಚಿ, "ಅಲ್ಲಿ ನೋಡವಾ, ಹೊರಸು. ನಾಕು ಕಾಲು. ಅದನ್ನ ಕದ್ಕೊಂಡು ಹೋಗಾಕ ಬಂದ ಮೂರು ಮಂದಿ ಕಳ್ಳರು. ನಡುವಿನ ಕಳ್ಳನ ಮಗ್ಗಲಾಗ ಒಂದು ಸಣ್ಣ ನಾಯಿ. ಕಂಡ್ವೇನು?" ಎನ್ನುತ್ತಿದ್ದ. ಸಪ್ತರ್ಷಿಗಳೆಂದು ಶಾಲೆಯ ಪುಸ್ತಕದಲ್ಲಿದ್ದವರು ನಮ್ಮ ಮನೆಯಲ್ಲಿ ಹೊರಸೆಂಬ ಮುರುಕು ಹಗ್ಗದ ಮಂಚ ಮತ್ತು ಕಳ್ಳರಾಗಿದ್ದರು.

ನನಗೆ ಏನೂ ಕಾಣುತ್ತಿರಲಿಲ್ಲ. ಬಡಗಣಕ್ಕೆ ಸರಿಯಾಗಿ ನಮ್ಮ ಓಣಿಯ ಮೂಲೆಯಲ್ಲಿ ಪುರಸಭೆಯವರು ಹೊಸ ಪಾದರಸದ ದೀಪ ಹಾಕಿಸಿದ್ದರು. ಅದರ ಹಿಂದೆ ಕಲ್ಲು ಕೊಯ್ಯುವ ಕಾರ್ಖಾನೆ. ಅಲ್ಲಿ ಸಂಜೆಯಾದರೆ ಸಾಲಾಗಿ ದೊಡ್ಡ ದೀಪ ಹತ್ತುತ್ತಿದ್ದವು, ಕಲ್ಲಿನ ಪುಡಿ ಆ ಬೆಳಕಿನಲ್ಲಿ ಎದ್ದು ಆಕಾಶವೆಲ್ಲ ನೀರುಮಜ್ಜಿಗೆಯ ಬಣ್ಣಕ್ಕೆ ತಿರುಗುತ್ತಿತ್ತು. ಆದರೆ ಅಪ್ಪನ ಬೆರಳು ಎಷ್ಟು ಖಚಿತವಾಗಿ ಚಾಚಿರುತ್ತಿತ್ತೆಂದರೆ 'ಇಲ್ಲ' ಎನ್ನಲು ಮನಸ್ಸು ಬರುತ್ತಿರಲಿಲ್ಲ. ಅಲ್ಲದೆ ಕೆಳಗೆ ಹೋಳಿಗೆ ಕಾಯುತ್ತಿರುತ್ತಿತ್ತು. "ಕಂಡ್ವಪಾ," ಎಂದು ಇಳಿದು ಓಡುತ್ತಿದ್ದೆ.

ಕರೆಂಟು ಹೋದ ಸಂಜೆಗಳಲ್ಲಿ ಊರೆಲ್ಲ ಕತ್ತಲಾಗುತ್ತಿತ್ತು. ಓಣಿಯ ಹುಡುಗಿಯರು ಹೋ ಎಂದು ಹೊರಗೆ ಬೀಳುತ್ತಿದ್ದರು. ಅಪ್ಪ ನನ್ನನ್ನು ಬಿಡುತ್ತಿರಲಿಲ್ಲ. "ಚೇಳು ಇರ್ತಾವು. ಇಲ್ಲೇ ಕುಂಡ್ರು," ಎಂದು ಕೈ ಹಿಡಿದು ಮಗ್ಗದ ಕುಣಿಯ ಪಕ್ಕ ಕೂರಿಸಿಕೊಳ್ಳುತ್ತಿದ್ದ. ಅವ್ವ ಕಂದೀಲು ಹಚ್ಚುವವರೆಗೆ ಅಲ್ಲಾಡುತ್ತಿರಲಿಲ್ಲ. ನನಗೆ ಮೈಯೆಲ್ಲ ಉರಿಯುತ್ತಿತ್ತು. ಇಡೀ ಇಳಕಲ್ಲಿನಲ್ಲಿ ನಮ್ಮ ಮನೆಗೆ ಮಾತ್ರ ಬರುವ ಚೇಳು ಯಾವುದು ಎಂದು ಅವ್ವನ ಹತ್ತಿರ ಹಲ್ಲು ಕಡಿದಿದ್ದೂ ಇದೆ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಬೇಸಿಗೆಯ ಸೂಟಿಯಲ್ಲಿ ಅಪ್ಪನೂ ನಾನೂ ಶಿರೂರಿಗೆ ಹೋಗಿ ಮರಳುತ್ತಿದ್ದೆವು. ಹುನಗುಂದ ದಾಟಿದ ಮೇಲೆ ಬಸ್ಸು ಕೆಟ್ಟು ನಿಂತಿತು. ಕತ್ತಲಾಗಿ ಒಂದು ತಾಸಾಗಿತ್ತು. ಎಲ್ಲರೂ ಇಳಿದೆವು. ಅಪ್ಪ ನನ್ನ ಹೆಗಲ ಮೇಲೆ ಕೈಯಿಟ್ಟುಕೊಂಡೇ ಇಳಿದ. ಸ್ವಲ್ಪ ಹೊತ್ತಿಗೆ ಡ್ರೈವರು ಬ್ಯಾಟರಿ ಉಳಿಸಲು ಬಸ್ಸಿನ ದೀಪಗಳನ್ನು ಆರಿಸಿದ.

ನಾನು ತಲೆಯೆತ್ತಿದೆ. ಮೊದಲು ಬಂದದ್ದು ಸಂತೋಷವಲ್ಲ, ಹೆದರಿಕೆ. ಇಷ್ಟೊಂದು ಚುಕ್ಕಿ ನಮ್ಮ ತಲೆಯ ಮೇಲೆ ದಿನವೂ ಇದ್ದವೇ? ನನಗೆ ಯಾರೂ ಹೇಳಿರಲಿಲ್ಲವಲ್ಲ! ಹೇಳಿದ್ದ, ಅಪ್ಪ ಹೇಳಿದ್ದ, ನಾನೇ ನಂಬಿರಲಿಲ್ಲ. ಹುಡುಕುವ ಮೊದಲೇ ಹೊರಸು ಸಿಕ್ಕಿತು. ನಾಕು ಕಾಲು, ಮೂರು ಕಳ್ಳರು, ಕಣ್ಣು ಕಿರಿದು ಮಾಡಿದರೆ ನಾಯಿಯೂ.

"ಅಪ್ಪಾ, ಚುಕ್ಕಿ! ಎಷ್ಟು ಚುಕ್ಕಿ ನೋಡು!"

ಅಪ್ಪ ಖುಷಿಯಾದ. ಹೆಗಲ ಮೇಲಿನ ಕೈ ತೆಗೆದು ಮೊದಲಿನಂತೆಯೇ ಖಚಿತವಾಗಿ ಬೆರಳು ಚಾಚಿದ. "ಅಲ್ಲಿ ನೋಡವಾ, ಹೊರಸು. ನಾಕು ಕಾಲು. ಕಂಡ್ವೇನು?"

ಅವನ ಬೆರಳಿನ ಮುಂದೆ ಇದ್ದದ್ದು ಹುಣಸೆ ಗಿಡ. ನಾಲ್ಕು ಹೆಜ್ಜೆ ಆಚೆಗೆ, ರಸ್ತೆಯ ಪಕ್ಕದಲ್ಲಿ, ಆಕಾಶವನ್ನು ಪೂರ್ತಿ ಮುಚ್ಚಿ ನಿಂತ ದೊಡ್ಡ ಹುಣಸೆ ಗಿಡ. ಹೊರಸು ಅವನ ಬೆನ್ನ ಹಿಂದೆ ಇತ್ತು.

ಮೊದಲು ತಮಾಷೆ ಮಾಡುತ್ತಿದ್ದಾನೆ ಎಂದುಕೊಂಡೆ. ಮುಖ ನೋಡಿದೆ. ತಮಾಷೆ ಇರಲಿಲ್ಲ.

"ಅಪ್ಪಾ, ಅದು ಹುಣಸಿ ಗಿಡ."

ಅವನು ಚಾಚಿದ ಕೈಯನ್ನು ಹಾಗೆಯೇ ಮುಂದಿಟ್ಟುಕೊಂಡು ತಡವರಿಸುತ್ತ ನಡೆದ. ಎಲೆ ಕೈಗೆ ತಾಗಿದಾಗ ನಿಂತ.

"ಇಲ್ಲಿ ಲೈಟು ಅದಾವೇನು?"

"ಒಂದೂ ಇಲ್ಲಪಾ."

"ನಾ ಆ ಕಂಬದ ಲೈಟು ಚುಕ್ಕಿ ನುಂಗೇತಿ ಅಂದ್ಕೊಂಡಿದ್ದೆ," ಎಂದ. ಆಮೇಲೆ ತಿರುಗಿ, "ಮಾಳಿಗಿ ಮ್ಯಾಲೆ ನಿನಗ ಕಾಣ್ತಿದ್ವಲ್ಲ? ನಿಂದು ಎಳೀ ಕಣ್ಣು, ಅದಕ್ಕ ಕಾಣ್ತಾವು ಅಂದ್ಕೊಂಡೆ. ಖರೆ ಕಾಣ್ತಿದ್ವೇನು?"

"ಇಲ್ಲ. ಒಂದು ದಿನಾನೂ ಕಂಡಿಲ್ಲ."

"ಮತ್ತ ಕಂಡ್ವು ಅಂತಿದ್ದಿ?"

"ನೀ ತೋರಸ್ತಿದ್ದಿ."

ಏನೂ ಕಾಣದ ಒಬ್ಬ ತೋರಿಸುತ್ತಿದ್ದ, ಏನೂ ಕಾಣದ ಒಬ್ಬಳು ಹೂಂ ಎನ್ನುತ್ತಿದ್ದಳು. ಎಷ್ಟೋ ವರ್ಷ ಅದನ್ನೇ ಮಾಡಿದ್ದೆವು. ಚೇಳಿನ ನೆನಪೂ ಆಗಲೇ ಬಂತು. ಕರೆಂಟು ಹೋದಾಗ ಅಪ್ಪ ನನ್ನನ್ನು ಕಾಯುತ್ತಿರಲಿಲ್ಲ, ನನ್ನನ್ನು ಹಿಡಿದುಕೊಂಡು ಕೂತಿರುತ್ತಿದ್ದ. ನನಗೆ ಅಳು ಬಂತು, ಸಿಟ್ಟೂ ಬಂತು.

ಬಾಗಲಕೋಟೆಯ ದವಾಖಾನೆಯಲ್ಲಿ ಡಾಕ್ಟರು ಇರುಳುಗಣ್ಣು ಎಂದರು. ಹಗಲಿನ ಕಣ್ಣು ಸದ್ಯಕ್ಕೆ ಚೆನ್ನಾಗಿದೆ, ಮಗ್ಗಕ್ಕೆ ತೊಂದರೆಯಿಲ್ಲ, ಮುಂದೆ ಅದೂ ಅಂಚಿನಿಂದ ಕಿರಿದಾಗುತ್ತ ಬರಬಹುದು. ಔಷಧ ಇಲ್ಲ. ಅಪ್ಪ ಇಷ್ಟನ್ನೂ ಬೇರೆಯವರ ಸುದ್ದಿ ಕೇಳಿದಂತೆ ಕೇಳಿದ. ಕೊನೆಗೆ ಡಾಕ್ಟರು ನನ್ನ ಕಡೆ ನೋಡಿ, "ಇದು ರಕ್ತದಾಗ ಬರ್ತದರಿ. ಈಗಿಲ್ಲಂದ್ರೂ ದೊಡ್ಡಾಕಿ ಆದಮ್ಯಾಲೆ ಬರಬಹುದು. ಮಗಳ ಮ್ಯಾಲೆ ನಿಗಾ ಇಡ್ರಿ," ಎಂದಾಗ ಅಪ್ಪ ಕುರ್ಚಿಯಿಂದ ಎದ್ದು ನಿಂತುಬಿಟ್ಟ.

ಅಂದಿನಿಂದ ಮಾಳಿಗೆ ಹತ್ತುವುದು ನಿಂತಿತು. ಅದೇ ಅಮಾವಾಸ್ಯೆಯ ಸಂಜೆ ಊರಾಚೆಯ ಹೊಲಕ್ಕೆ ನಡೆಯುತ್ತಿದ್ದೆವು. ಅಪ್ಪ ತಲೆ ಎತ್ತುತ್ತಲೂ ಇರಲಿಲ್ಲ. ನನ್ನ ಕೈ ಹಿಡಿದು, "ಎಣಸು," ಎನ್ನುತ್ತಿದ್ದ. ನಾನು ಏಳು ಎಣಿಸಿ, ನಾಯಿಯನ್ನು ಹುಡುಕಿ, "ಎಂಟು," ಎನ್ನಬೇಕು. ಅಲ್ಲಿಯವರೆಗೆ ಅವನ ಹಿಡಿತ ಸಡಿಲಾಗುತ್ತಿರಲಿಲ್ಲ. ಒಂದು ಆಣೆಯೂ ಹಾಕಿಸಿದ್ದ: "ಕಾಣದಿದ್ರ ಕಾಣವಲ್ದು ಅನ್ನು. ಯಾರ ಮುಂದನೂ ಸುಳ್ಳು ಹೇಳಬ್ಯಾಡ."

ಎಂಬತ್ತು ದಾಟಿತು. ನಾನು ಮಾಸ್ತರಕಿ ಕಲಿಯಲು ಬಾಗಲಕೋಟೆಗೆ ಹೋದೆ, ಎರಡು ವರ್ಷ ಎಣಿಕೆ ತಪ್ಪಿತು. ಬಂದ ಕೂಡಲೇ ಮದುವೆ ಗೊತ್ತಾಯಿತು. ಮದುವೆಯ ಹಿಂದಿನ ವಾರ ನಸುಗತ್ತಲಲ್ಲಿ ಹಿತ್ತಲಿನ ಕೊಡ ಎಡವಿ ಬಿದ್ದೆ. ನಿದ್ದೆಗಣ್ಣು, ಅಷ್ಟೇ. ಒಳಗಿದ್ದ ಅಪ್ಪ ಸದ್ದು ಕೇಳಿ ಬಾಗಿಲಿಗೆ ಬಂದ, ಏನೂ ಕೇಳದೆ ಒಳಗೆ ಹೋದ.

ಮದುವೆ ಸಂಜೆಯದು, ನಮ್ಮ ಓಣಿಯಲ್ಲೇ ಹಂದರ. ಕೊಳವೆ ದೀಪ, ಬಣ್ಣದ ಬಲ್ಬಿನ ಸರ, ಜೊತೆಗೆ ಅದೇ ಕಂಬದ ದೀಪ, ಅದೇ ಕಾರ್ಖಾನೆಯ ದೀಪ. ಅಕ್ಷತೆ ಬಿದ್ದ ಮೇಲೆ ಮದುವೆ ಮಾಡಿಸುತ್ತಿದ್ದ ಅಯ್ಯನವರು ನಮ್ಮಿಬ್ಬರನ್ನು ಹಂದರದ ಅಂಚಿಗೆ ಕರೆದು ಮೇಲೆ ಕೈ ತೋರಿಸಿ, "ಅರುಂಧತಿ. ಕಂಡಳೇನ್ರಿ?" ಎಂದರು. ಗಂಡ ತಲೆ ಎತ್ತುವ ಮೊದಲೇ "ಕಂಡಳ್ರಿ," ಎಂದ. ನಮ್ಮ ಮನೆಯ ಕಳ್ಳನ ನಾಯಿಗೆ ಪಂಚಾಂಗದಲ್ಲಿ ಅರುಂಧತಿ ಎಂದು ಹೆಸರು.

ಎಲ್ಲರೂ ನನ್ನ ಮಾತಿಗೆ ಕಾದರು. ನನಗೆ ಆಣೆ ನೆನಪಾಯಿತು. "ಕಾಣವಲ್ಲಳ್ರಿ," ಎಂದೆ.

ಯಾವ ಮದುಮಗಳೂ ಹಾಗೆ ಅಂದದ್ದು ಅಲ್ಲಿ ಯಾರೂ ಕೇಳಿರಲಿಲ್ಲ. ಗಂಡಿನ ಸೋದರತ್ತೆ ಬಾಯಿಗೆ ಸೆರಗು ಹಿಡಿದರು. ನಾನು ದೀಪದ ಕಡೆ ಕೈ ತೋರಿಸಿ ಏನೋ ಹೇಳಲು ಹೊರಟೆ, ಅಷ್ಟರಲ್ಲಿ ಅಪ್ಪನನ್ನು ನೋಡಿದೆ. ಅವನ ಕೈಯಲ್ಲಿದ್ದ ಅಕ್ಷತೆಯ ತಟ್ಟೆ ವಾಲಿ ಕಾಳೆಲ್ಲ ಕಾಲ ಮೇಲೆ ಸುರಿಯುತ್ತಿತ್ತು, ಅವನಿಗೆ ಅದರ ಅರಿವಿರಲಿಲ್ಲ. "ಯವ್ವಾ, ನಿನಗೂ?" ಎಂದ.

ದೀಪದ ಮಾತು ಹೇಳಿ ಉಪಯೋಗವಿರಲಿಲ್ಲ. ಅವನೂ ಒಂದು ಕಾಲಕ್ಕೆ ದೀಪದ್ದೇ ತಪ್ಪು ಅಂದುಕೊಂಡಿದ್ದವನು. ಅವನ ಕೈ ಹಿಡಿದು ಹೊರಟೆ. ಸೆರಗಿಗೆ ಶಲ್ಯದ ಗಂಟು ಬಿದ್ದಿದ್ದರಿಂದ ಗಂಡನೂ ಎಳೆದಂತೆ ಹಿಂದೆ ಬಂದ. ಅವನ ಹಿಂದೆ ಅಯ್ಯನವರು, ಅವರ ಹಿಂದೆ ಗ್ಯಾಸ್‌ಬತ್ತಿ ಹೊತ್ತವನು, ಅವನ ಹಿಂದೆ ಅರ್ಧ ಮದುವೆ. ಓಣಿ ಮುಗಿದು ಕಾರ್ಖಾನೆಯ ಗೋಡೆ ದಾಟಿ ಹೊಲಕ್ಕೆ ಬರುವವರೆಗೆ ನಿಲ್ಲಲಿಲ್ಲ. "ಆ ಬತ್ತಿ ಆರಿಸ್ರಿ!" ಎಂದು ಕೂಗಿದೆ. ಮದುಮಗಳ ದನಿಗೆ ಹೆದರಿ ಅವನು ಆರಿಸಿದ.

ಮೊದಲು ನನಗೂ ಏನೂ ಕಾಣಲಿಲ್ಲ. ಆ ಅರೆಗಳಿಗೆ ಹಿತ್ತಲಲ್ಲಿ ಎಡವಿದ ಕೊಡ ನೆನಪಾಯಿತು. ಆಮೇಲೆ ಒಂದೊಂದಾಗಿ ಬಂದವು. ಅಪ್ಪ ಬೆರಳು ಮುರಿಯುವಷ್ಟು ಬಿಗಿಯಾಗಿ ಹಿಡಿದಿದ್ದ. ನಾನು ಗಟ್ಟಿಯಾಗಿ ಎಣಿಸಿದೆ. ನಾಕು ಕಾಲು. ಮೂರು ಕಳ್ಳರು. ನಡುವಿನವನ ಮಗ್ಗಲಲ್ಲಿ ಸಣ್ಣಗೆ, ಇದ್ದೂ ಇಲ್ಲದಂತೆ.

"ಎಂಟು, ಅಪ್ಪಾ."

"ಖರೆ?"

"ಖರೆ. ಆಣೆ ಮಾಡಿ ಹೇಳ್ತೇನಿ."

ಪಕ್ಕದಲ್ಲಿ ಗಂಡ ಬಾಯಿ ತೆರೆದು ಮೇಲೆ ನೋಡುತ್ತಿದ್ದ. "ಮಾವಾರ, ಅದು ಖರೇನ ಇರ್ತದೇನ್ರಿ? ನಾ ಬರೇ ಶಾಸ್ತ್ರ ಅಂದ್ಕೊಂಡಿದ್ದೆ," ಎಂದ. ಜನ ನಕ್ಕರು. ಅಯ್ಯನವರೂ ನಕ್ಕರು.

ಅಪ್ಪನೂ ನಕ್ಕ. ನಗುತ್ತಲೇ ನನ್ನ ಕೈ ಬಿಟ್ಟ. ಹುಣಸೆ ಗಿಡದ ಆ ರಾತ್ರಿಯ ನಂತರ ಕತ್ತಲಲ್ಲಿ ಅವನು ನನ್ನ ಕೈ ಬಿಟ್ಟು ನಿಂತದ್ದನ್ನು ನಾನು ನೋಡಿದ್ದು ಅದೇ ಮೊದಲು.