ಇಬ್ಬರು ಅಕ್ಕೋರ ಸಾಲಿ

ಅಳವಂಡಿಯಿಂದ ಹರದಾರಿ ದೂರದ ಕವಲಿಹಾಳದಲ್ಲಿ ಹೆಣ್ಣುಮಕ್ಕಳಿಗೆ ಶಾಲೆ ತೆಗೆಯುತ್ತೇನೆಂದು ಶಿವಬಸಮ್ಮ ಹೊರಟಾಗ ಊರು ನಕ್ಕಿತು. ನಗುವುದಕ್ಕೆ ಆ ಊರಿಗೆ ಕಾರಣವೇ ಬೇಕಿರಲಿಲ್ಲ, ಈ ಸಲ ಎರಡು ಸಿಕ್ಕಿದ್ದವು. ಒಂದು, ಆಕೆ ಹತ್ತೊಂಬತ್ತಕ್ಕೇ ಗಂಡನನ್ನು ಕಳೆದುಕೊಂಡವಳು. ಇನ್ನೊಂದು, ಆಕೆಗೆ ಓದುಬರಹ ಬರುತ್ತಿತ್ತು. ಕೊಪ್ಪಳದಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದ ಅಪ್ಪ, ಗಂಡುಮಗನಿಲ್ಲದ ಕೊರಗಿಗೋ ಏನೋ, ಮಗಳನ್ನು ಗಲ್ಲಾಪೆಟ್ಟಿಗೆಯ ಪಕ್ಕ ಕೂಡಿಸಿಕೊಂಡು ಅಕ್ಷರ ತಿದ್ದಿಸಿದ್ದ.

"ಮೊದಲ ಮುಂಡಿ, ಮ್ಯಾಲೆ ಓದಿದಾಕಿ. ಇಂಥಾಕಿ ಕೈಯಾಗ ಹುಡುಗ್ಯಾರನ್ನ ಕೊಟ್ರ ಮುಗದಹೋತು" ಎಂದು ಬಾವಿಯ ಕಟ್ಟೆಯಲ್ಲಿ ಹೆಂಗಸರೇ ಆಡಿಕೊಂಡರು. ಊರ ಬಾಯಿಗೆ ಮುಚ್ಚಳ ಎಲ್ಲಿಂದ ತರುವುದು? ಶಿವಬಸಮ್ಮ ಕೇಳಿಸಿಕೊಂಡಳು, ಕೊಡ ತುಂಬಿಕೊಂಡು ಮನೆಗೆ ಬಂದಳು, ಪಡಸಾಲೆಯನ್ನು ಸೆಗಣಿ ಹಾಕಿ ಸಾರಿಸಿದಳು.

ಅದು ಮೂವತ್ತಾರನೇ ಇಸವಿ, ನಿಜಾಮರ ರಾಜ್ಯ. ಖಾಸಗಿ ಶಾಲೆಗೆ ಪರವಾನಗಿ ಬೇಕು. ಉರ್ದು ಕಲಿಸುವವರಿಲ್ಲ ಎಂದರೆ ಪರವಾನಗಿಯ ಮಾತನ್ನೇ ಅಧಿಕಾರಿಗಳು ಎತ್ತುತ್ತಿರಲಿಲ್ಲ. ಉರ್ದು ಕಲಿಸಲು ಗಂಡಸರನ್ನು ಕರೆದರೆ ಊರಿನ ಒಬ್ಬ ಹುಡುಗಿಯೂ ಹೊಸ್ತಿಲು ದಾಟಿ ಬರುವುದಿಲ್ಲ. ಅತ್ತ ದರಿ, ಇತ್ತ ಪುಲಿ. ಆಗ ನೆನಪಾದವಳು ಪಿಂಜಾರ ಓಣಿಯ ಇಮಾಮಬಾನು.

ಇಮಾಮಬಾನು ಸಣ್ಣವಳಿದ್ದಾಗ ರಾಯಚೂರಿನ ಸೋದರಮಾವನ ಮನೆಯಲ್ಲಿ ಬೆಳೆದು ಅಲ್ಲಿಯೇ ಉರ್ದು ಕಲಿತವಳು. ಗಂಡ ಮುಂಬಯಿಯ ಗಿರಣಿಗೆಂದು ಹೋದವನು ಅತ್ತಲೇ ಇನ್ನೊಬ್ಬಳನ್ನು ಕಟ್ಟಿಕೊಂಡ. ಇವಳು ತವರಿಗೆ ಬಂದು ಅಪ್ಪ ಹಿಂಜಿದ ಅರಳೆಯಿಂದ ಗಾದಿ ಹೊಲಿಯುತ್ತ, ಊರವರಿಗೆ ಕೌದಿ ಹೊಲಿದುಕೊಡುತ್ತ ಇದ್ದಳು. ಮನೆಮಾತು ಎಲ್ಲರ ಹಾಗೆ ಕನ್ನಡವೇ.

ಶಿವಬಸಮ್ಮ ಆಕೆಯನ್ನು ಕರೆದದ್ದು ಪ್ರೀತಿಯಿಂದಲ್ಲ, ಗರಜಿಗೆ. ಇದನ್ನು ಮುಚ್ಚಿಟ್ಟು ಅವಳನ್ನು ದೇವತೆ ಮಾಡುವ ಆಸೆ ನನಗಿಲ್ಲ. ಇಮಾಮಬಾನುವಿಗೆ ನೀರು ಕುಡಿಯಲು ಪಡಸಾಲೆಯ ಗೂಡಿನಲ್ಲಿ ಬೇರೆಯೇ ಒಂದು ಲೋಟ ಇಟ್ಟಿದ್ದಳು. ಇಮಾಮಬಾನುವೂ ಅದನ್ನೇ ತೆಗೆದುಕೊಂಡು, ತಾನೇ ತೊಳೆದು, ಅಲ್ಲಿಯೇ ಇಡುತ್ತಿದ್ದಳು. ಅದರ ಬಗ್ಗೆ ಇಬ್ಬರೂ ಎಂದೂ ಮಾತೆತ್ತಲಿಲ್ಲ.

ಶಾಲೆ ಮಾತ್ರ ನಡೆಯಿತು. ಬೆಳಿಗ್ಗೆ ಹುಡುಗಿಯರು ಎಡದಿಂದ ಬರೆದರು, ಮಧ್ಯಾಹ್ನ ಬಲದಿಂದ ಬರೆದರು. ಯಾರ ತಲೆಯೂ ಕೆಡಲಿಲ್ಲ. ಶಿವಬಸಮ್ಮ ಬೀಸುವ ಹಾಡು ಹೇಳಿಕೊಟ್ಟರೆ, ಇಮಾಮಬಾನು ಅಲಾಯಿ ಹಬ್ಬದ, ಅಂದರೆ ಮೊಹರಮ್ಮಿನ, ಪದಗಳನ್ನು ಹೇಳಿಕೊಟ್ಟಳು. ಅವೂ ಕನ್ನಡದವೇ, ದುಃಖ ಮಾತ್ರ ಕರ್ಬಲಾದ್ದು. ಆ ಪದ ಕೇಳಿ ಹುಡುಗಿಯರು ಅಳುವಾಗ ತನ್ನ ಕಣ್ಣೂ ಒದ್ದೆಯಾಗುವುದು ಶಿವಬಸಮ್ಮನಿಗೇ ಸೋಜಿಗವೆನಿಸುತ್ತಿತ್ತು. ಮಕ್ಕಳು ಇಬ್ಬರನ್ನೂ ಅಕ್ಕೋರೇ ಎಂದು ಕರೆದರು. ಊರು ಅದಕ್ಕೆ 'ಇಬ್ಬರು ಅಕ್ಕೋರ ಸಾಲಿ' ಎಂದು ಹೆಸರಿಟ್ಟಿತು. ಮೊದಲು ಹೀಯಾಳಿಕೆಗೆ ಇಟ್ಟ ಹೆಸರು, ಆಮೇಲೆ ಹಾಗೆಯೇ ನಿಂತಿತು.

ಒಂದು ಬೇಸಿಗೆ ಮಧ್ಯಾಹ್ನ ಇಮಾಮಬಾನು ನೀರು ಕೇಳಿದಳು. ಕಸ್ತೂರೆಮ್ಮನೆಂಬ ಎಂಟು ವರ್ಷದ ಹುಡುಗಿ ಓಡಿಹೋಗಿ ಅಡುಗೆಮನೆಯ ಹಿತ್ತಾಳೆ ಚಂಬಿನಲ್ಲಿ ತಂದುಕೊಟ್ಟಳು. ಇಮಾಮಬಾನು ಚಂಬು ಹಿಡಿದುಕೊಂಡು ಶಿವಬಸಮ್ಮನ ಮುಖ ನೋಡಿದಳು. ಶಿವಬಸಮ್ಮ ಯಾರದೋ ಪಾಟಿಯ ಮೇಲೆ ಕಣ್ಣಿಟ್ಟಳು. ಇಮಾಮಬಾನು ಕುಡಿದಳು. ಅಂದು ಶಿವಬಸಮ್ಮನಿಗೆ ರೊಟ್ಟಿ ಸೇರಲಿಲ್ಲ, ನಾಚಿಕೆಯಿಂದ. ಮರುದಿನದಿಂದ ಗೂಡಿನಲ್ಲಿ ಲೋಟ ಇರಲಿಲ್ಲ.

ಕಸ್ತೂರೆಮ್ಮ ಹದಿನೈದಕ್ಕೆ ಅದೇ ಊರಿನ ಗೌಡರ ಮನೆಗೆ, ಸೋದರಮಾವ ಅಮರಪ್ಪಗೌಡರ ಮಗ ಅಂದಪ್ಪನಿಗೆ ಹೆಂಡತಿಯಾಗಿ ಹೋದಳು. ಗೌಡರ ಮನೆ ಶಾಲೆಯ ಎದುರಿಗೇ ಇತ್ತು. ಆದರೆ ಗೌಡರ ಸೊಸೆ ಬೀದಿಗಿಳಿಯುವಂತಿಲ್ಲ. ಹೀಗಾಗಿ ಕಣ್ಣಳತೆಯಲ್ಲೇ ಇದ್ದರೂ ಮಾತಿಗೆ ಸಿಗದವಳಾದಳು.

ನಲವತ್ತೆಂಟು ಬಂತು. ಊರೂರಿಗೆ ರಜಾಕಾರರು ನುಗ್ಗಿದ ವರ್ಷ. ಕವಲಿಹಾಳಕ್ಕೂ ಬಂದರು. ಅಮರಪ್ಪಗೌಡರ ಮೇವಿನ ಬಣವೆಗೆ ಬೆಂಕಿ ಹಚ್ಚಿದರು, ಅಡ್ಡ ಬಂದ ಗೌಡರ ಕೈ ಮುರಿದರು. ಅಂದಪ್ಪ ಗಡಿಯಾಚೆ ರಜಾಕಾರರ ವಿರುದ್ಧ ಹೋರಾಡುವವರ ಶಿಬಿರಕ್ಕೆ ಓಡಿಹೋದ. ಅದೇ ಜನ ಶಾಲೆಯತ್ತಲೂ ತಿರುಗಿದರು. ಇಮಾಮಬಾನು ಹೊಸ್ತಿಲ ಮೇಲೆ ನಿಂತು, ಸೊಂಟಕ್ಕೆ ಸೆರಗು ಬಿಗಿದು, ರಾಯಚೂರಿನ ಶುದ್ಧ ಉರ್ದುವಿನಲ್ಲಿ ಅವರಿಗೆ ಛೀಮಾರಿ ಹಾಕಿದಳು. ನಿಮ್ಮ ಅಮ್ಮಂದಿರಿಗೆ ಈ ಮುಖ ಹೇಗೆ ತೋರಿಸುತ್ತೀರಿ ಎಂದು ಕೇಳಿದಳು. ಅವರಲ್ಲಿ ಯಾವನಿಗೋ ನಾಚಿಕೆಯಾಗಿರಬೇಕು, ಹಿಂದೆ ಸರಿದರು. ಆ ದಿನ ಊರು ಆಕೆಯನ್ನು ಹೊಗಳಿದ್ದೇ ಹೊಗಳಿದ್ದು.

ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು? ಭಾದ್ರಪದದಲ್ಲಿ ಭಾರತದ ಸೈನ್ಯ ಬಂತು, ನಿಜಾಮರ ರಾಜ್ಯ ನಾಲ್ಕೈದು ದಿನಗಳಲ್ಲಿ ಮುಗಿಯಿತು. ಊರು ಕುಣಿಯಿತು, ಶಿವಬಸಮ್ಮನೂ ಮಕ್ಕಳಿಗೆ ಬೆಲ್ಲ ಹಂಚಿದಳು. ಆದರೆ ಆ ಬೆಲ್ಲ ಬಾಯಲ್ಲಿ ಕರಗುವುದರೊಳಗೆ ಬೇರೆ ಸುದ್ದಿ ಬಂತು. ಪಕ್ಕದ ಊರುಗಳಲ್ಲಿ ಮುಸಲ್ಮಾನರ ಮನೆಗಳಿಗೆ ಬೆಂಕಿ ಬಿತ್ತಂತೆ. ದಾರಿ ಹಿಡಿದವರು ಊರು ಮುಟ್ಟುತ್ತಿಲ್ಲವಂತೆ. ಪಿಂಜಾರ ಓಣಿ ಬೆಳಗಾಗುವುದರೊಳಗೆ ಖಾಲಿಯಾಯಿತು. ಯಾರು ಯಾವ ಜೋಳದ ಹೊಲದಲ್ಲಿ ಅಡಗಿದ್ದಾರೋ ಯಾರಿಗೂ ಗೊತ್ತಿಲ್ಲ.

ಇಮಾಮಬಾನು ಮಾತ್ರ ಎಂದಿನ ಹೊತ್ತಿಗೆ ಶಾಲೆಗೆ ಬಂದಳು. ಅವಳು ಬರುವ ದಾರಿಯುದ್ದಕ್ಕೂ ಬಾಗಿಲುಗಳು ಒಂದೊಂದಾಗಿ ಮುಚ್ಚಿಕೊಂಡವು.

"ಯಾಕ ಬಂದಿ ಬಾನೂ?" ಎಂದಳು ಶಿವಬಸಮ್ಮ.

"ಇವತ್ತ ಸಾಲಿ ಐತೆಲ್ರಿ ಅಕ್ಕಾ. ಮತ್ತೆಲ್ಲಿ ಹೋಗ್ಲಿ?"

ಬಂದ ಹುಡುಗಿಯರು ಬೆರಳೆಣಿಕೆಯಷ್ಟು. ಪಾಠ ಅರ್ಧಕ್ಕೆ ಬಂದಾಗ ಹೊರಗೆ ಗದ್ದಲ ಕೇಳಿತು. ಅಂದಪ್ಪ ಬಂದಿದ್ದ. ಹೆಗಲ ಮೇಲೆ ಬಂದೂಕು, ಹಿಂದೆ ಊರಿನ ಹುಡುಗರೇ. ಅವನೂ ಕೊಪ್ಪಳದಲ್ಲಿ ಓದಿದ್ದು ಉರ್ದುವಿನಲ್ಲೇ, ಸಿಟ್ಟು ನೆತ್ತಿಗೇರಿದರೆ ಬೈಯುವುದೂ ಉರ್ದುವಿನಲ್ಲೇ. ಆದರೆ ಅಪ್ಪನ ಮುರಿದ ಕೈ ಅವನ ಕಣ್ಣಮುಂದೆ ಇತ್ತು. ಆ ನೋವು ಸುಳ್ಳಲ್ಲ. ಅದನ್ನು ಇಳಿಸಲು ಅವನು ಹುಡುಕಿಕೊಂಡ ಜಾಗ ಸುಳ್ಳು.

"ಚಿಗವ್ವಾ, ನಿಮಗೇನೂ ಆಗೂದಿಲ್ಲ. ಆಕಿನ್ನ ಹೊರಗ ಕಳಸ್ರಿ" ಎಂದ. ಊರ ವಾವೆಯಲ್ಲಿ ಶಿವಬಸಮ್ಮ ಅವನಿಗೆ ಚಿಗವ್ವ.

"ಎಲ್ಲಿಗೆ?"

"ಎಲ್ಲಿಗರ ಹೋಗ್ಲಿ. ಊರಾಗ ಇರಬಾರದು."

"ದಾರಿ ಹಿಡದವರು ಏನಾಗ್ಯಾರ ಅನ್ನೂದು ನಿನಗ ಗೊತ್ತಿಲ್ಲೇನೋ ಅಂದಪ್ಪಾ?"

ಅಂದಪ್ಪ ಬಂದೂಕನ್ನು ಇನ್ನೊಂದು ಹೆಗಲಿಗೆ ಬದಲಿಸಿದ. "ಅವತ್ತ ಆಕಿ ಒಂದು ಮಾತು ಅಂದಕೂಡ್ಲೆ ಅವರು ಹಿಂದಕ್ಕ ಸರದ್ರು. ಯಾಕ ಸರದ್ರು? ಆಕಿ ಅವರಾಕಿ, ಅದಕ್ಕ. ನಮ್ಮ ಬಣವಿ ಸುಡಬ್ಯಾಡ್ರಿ ಅಂತ ನಾವು ಅಂಗಲಾಚಿದ್ರ ಕೇಳಿದ್ರೇನು?"

"ಆಕಿ ನಿನ್ನ ಹೇಂತಿ ಕಲಿತ ಸಾಲಿ ಉಳಿಸ್ಯಾಳೋ ಹುಚ್ಚಪ್ಯಾಲಿ!"

"ಸಾಲಿ ನಾವೂ ಉಳಸ್ತೀವಿ. ಇನ್ನ ಮ್ಯಾಲೆ ಉರ್ದು ಬ್ಯಾಡ, ಆಕಿನೂ ಬ್ಯಾಡ. ನೀವೊಬ್ರ ನಡಸ್ರಿ, ಬೇಕಾದ್ರ ಕಟ್ಟಡಾನ ಕಟ್ಟಿಸಿಕೊಡ್ತೀವಿ. ಇಲ್ಲಾಂದ್ರ ನಾಳಿಂದ ಒಂದು ಹುಡುಗಿನೂ ಈ ಹೊಸ್ತಿಲಾ ತುಳಿಯೂದಿಲ್ಲ."

ಶಿವಬಸಮ್ಮ ಪಡಸಾಲೆಯ ಕಡೆ ತಿರುಗಿ ನೋಡಿದಳು. ಗಂಡ ಹೋದ ಮೇಲೆ ಅವಳಿಗಿದ್ದದ್ದು ಅದೊಂದೇ ಶಾಲೆ. ಆ ಹುಡುಗಿಯರ ಗದ್ದಲವಿಲ್ಲದ ಪಡಸಾಲೆಯನ್ನು ಅವಳು ನೆನೆಸಿಕೊಳ್ಳಲಾರದೆ ಹೋದಳು. ಒಂದು ಗಳಿಗೆ, ಒಂದೇ ಒಂದು ಗಳಿಗೆ, ಬಾನು ಇಂದು ಬರದೇ ಇದ್ದಿದ್ದರೆ ಎನ್ನಿಸಿಬಿಟ್ಟಿತು. ಇಮಾಮಬಾನು ಅದನ್ನು ಅವಳ ಮುಖದಲ್ಲಿ ಕಂಡಳು. ಸುಮ್ಮನೆ ಎದ್ದು ಸೆರಗನ್ನು ತಲೆತುಂಬ ಹೊದ್ದುಕೊಂಡಳು.

"ನಾ ಹೋಗ್ತೀನ್ರಿ ಅಕ್ಕಾ. ಹುಡುಗ್ಯಾರು ಅಂಜ್ಯಾವು, ನೀವು ಅವಕ್ಕ ಸಮಾಧಾನ ಹೇಳ್ರಿ."

ಆ ಮಾತು ಶಿವಬಸಮ್ಮನ ಕರುಳಿಗೆ ನಾಟಿತು. "ನಿಂದರು" ಎಂದವಳೇ ಒಳಗೆ ಹೋದಳು. ಹೊರಗಿದ್ದವರು, ಹೆದರಿ ಬಾಗಿಲು ಹಾಕಿಕೊಂಡಳು ಎಂದುಕೊಂಡರು. ಅವಳು ಮೊರದಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಶಿಣದ ಬೇರು ಇಟ್ಟುಕೊಂಡು ಹೊರಬಂದಳು. ಕುಬಸದ ಕಣ, ಅಂದರೆ ರವಿಕೆಯ ಬಟ್ಟೆ, ವಿಧವೆಯ ಮನೆಯಲ್ಲಿ ಎಲ್ಲಿಂದ ಬರಬೇಕು? ಹುಡುಗಿಯರು ಹೊಲಿಗೆ ಕಲಿಯಲು ತಂದಿದ್ದ ಹಸಿರು ಬಟ್ಟೆಯ ತುಂಡನ್ನೇ ಮೇಲಿಟ್ಟಿದ್ದಳು.

"ಬಾನೂ, ಉಡಿ ಒಡ್ಡು."

ಉಡಿ ತುಂಬುವುದೆಂದರೇನೆಂದು ಅಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಒಂದು ಮನೆಯವರು ಉಡಿ ತುಂಬಿದ ಹೆಣ್ಣು ಆ ಮನೆಯ ಮಗಳು. ಅವಳ ಮಾನ ಆ ಮನೆಯ ಮಾನ. ಅವಳ ಮೈಮುಟ್ಟಿದವನು ಆ ಮನೆಯ ಮೇಲೆ ಕೈಮಾಡಿದ ಹಾಗೆ. ಇಮಾಮಬಾನು ನಡುಗುವ ಕೈಯಿಂದ ಸೆರಗು ಒಡ್ಡಿದಳು. ಶಿವಬಸಮ್ಮ ಬೊಗಸೆ ತುಂಬ ಅಕ್ಕಿ ಹಾಕಿದಳು.

ಮೊದಲು ಯಾರೋ ಒಬ್ಬ ನಕ್ಕ. ಆಮೇಲೆ ಎಲ್ಲರೂ ನಕ್ಕರು. "ಮುಂಡಿ ಕೈಲೆ ಉಡಿ!"

"ಶಾಸ್ತ್ರ ಮರತ್ರೇನು ಚಿಗವ್ವಾ?" ಎಂದ ಅಂದಪ್ಪ. "ಉಡಿ ತುಂಬಾಕ ಮುತ್ತೈದಿ ಕೈ ಬೇಕು. ಇದು ಉಡಿ ಅಲ್ಲ, ಅಕ್ಕಿ ಚೆಲ್ಲಿದಂಗ." ಅವನು ಹೊಸ್ತಿಲ ಮೇಲೆ ಕಾಲಿಟ್ಟ. ಒಳಗೆ ಒಂದು ಹುಡುಗಿ ಜೋರಾಗಿ ಅಳತೊಡಗಿತು.

ಶಿವಬಸಮ್ಮನಿಗೆ ಗೊತ್ತಿತ್ತು, ಅವನು ಹೇಳಿದ್ದು ನಿಜ. ತಾನು ಯಾವ ಶುಭಕ್ಕೂ ಕೈ ಹಾಕದಂತೆ ಊರು ಕಲಿಸಿದ ಶಾಸ್ತ್ರ ಇಂದು ಬಾನುವಿನ ಕುತ್ತಿಗೆಗೆ ಬಂದಿತ್ತು. ಆದರೂ ಮೊರ ಬಿಡಲಿಲ್ಲ, ಬಾಗಿಲು ಬಿಡಲಿಲ್ಲ.

ಆಗ ಎದುರು ಮನೆಯ ಮೆಟ್ಟಿಲಿಳಿದು ಕಸ್ತೂರೆಮ್ಮ ಬಂದಳು. ಕಟ್ಟೆಯ ಮೇಲೆ ಮುರಿದ ಕೈಗೆ ಪಟ್ಟಿ ಕಟ್ಟಿಕೊಂಡು ಕೂತಿದ್ದ ಅಮರಪ್ಪಗೌಡರು "ಏ ಕಸ್ತೂರೀ!" ಎಂದು ಕೂಗಿದರು. ಅವಳು ನಿಲ್ಲಲಿಲ್ಲ. ನಡುಬೀದಿಯಲ್ಲಿ, ಅಷ್ಟು ಗಂಡಸರ ನಡುವೆ, ಗೌಡರ ಸೊಸೆ ನಡೆದು ಬರುವುದನ್ನು ಆ ಊರು ಎಂದೂ ಕಂಡಿರಲಿಲ್ಲ. ಜನ ತಾವಾಗಿಯೇ ದಾರಿ ಬಿಟ್ಟರು. ಗಂಡನ ಪಕ್ಕದಿಂದಲೇ ಹಾಯ್ದು ಹೋಗಿ ಶಿವಬಸಮ್ಮನ ಮೊರಕ್ಕೆ ಕೈ ಹಾಕಿದಳು.

"ಮುತ್ತೈದಿ ಕೈ ಬೇಕಂದ್ರೆಲ್ಲ. ನಂದೈತಿ ನೋಡ್ರಿ."

ಐದು ಸಲ ಬೊಗಸೆ ತುಂಬಿ ಇಮಾಮಬಾನುವಿನ ಉಡಿಗೆ ಹಾಕಿದಳು. ಕೊಬ್ಬರಿ ಇಟ್ಟಳು, ಹಸಿರು ಬಟ್ಟೆ ಇಟ್ಟಳು, ಬಾಗಿ ಕಾಲು ಮುಟ್ಟಿದಳು. ಆಮೇಲೆ ಗಂಡನ ಕಡೆ ತಿರುಗಿದಳು. ಅವಳ ಮಾತು ಬೀದಿಯ ಕೊನೆಯವರೆಗೂ ಕೇಳಿಸಿತು.

"ಇದು ಗೌಡರ ಮನಿ ಉಡಿ. ಇನ್ನ ಓಡಸ್ರಿ. ನಿಮ್ಮ ಮನಿ ಮಗಳನ್ನ ನೀವ ಬೀದಿಗೆ ಎಳೀರಿ, ಊರು ನೋಡ್ಲಿ."

ಅಂದಪ್ಪ ಹೊಸ್ತಿಲ ಮೇಲಿದ್ದ ಕಾಲನ್ನು ಮುಂದೆ ಇಡಲೂ ಆಗದೆ, ಹಿಂದೆ ತೆಗೆಯಲೂ ಆಗದೆ ನಿಂತ. ಎಲ್ಲರೂ ಅಮರಪ್ಪಗೌಡರ ಕಡೆ ನೋಡಿದರು. ಗೌಡರು ಇಮಾಮಬಾನುವಿನ ಉಡಿಯನ್ನೇ ನೋಡುತ್ತ ಕೂತರು. ಕೊನೆಗೆ ಎದ್ದು, "ಅಂದಪ್ಪಾ, ಮನಿಗೆ ಬಾ" ಎಂದರು. ಹುಡುಗರು ಒಬ್ಬೊಬ್ಬರಾಗಿ ಚದುರಿದರು. ಅಪ್ಪ ಮಗ ಒಳಗೆ ಹೋದರು. ಕಸ್ತೂರೆಮ್ಮ ಹಿಂದೆಯೇ ಹೋದಾಗ ಬಾಗಿಲಿಗೆ ಒಳಗಿನಿಂದ ಅಗಳಿ ಬಿದ್ದಿತ್ತು.

ಅವಳು ಅಂದಿನಿಂದ ಶಾಲೆಯಲ್ಲೇ ಉಳಿದಳು. ಆ ಚಳಿಗಾಲ ಮೂವರು ಹೆಂಗಸರು ಒಂದೇ ಒಲೆಯಲ್ಲಿ ರೊಟ್ಟಿ ಬಡಿದು, ಬಾಗಿಲು ಬಡಿದ ಸದ್ದಾದರೆ ಒಬ್ಬರ ಮುಖ ಒಬ್ಬರು ನೋಡಿಕೊಂಡು ದಿನ ನೂಕಿದರು. ಹುಡುಗಿಯರು ಕಡಿಮೆಯಾದರು, ಮತ್ತೆ ಒಂದೆರಡು ಬಂದರು. ಅಂದಪ್ಪ ಹೆಂಡತಿಯನ್ನು ಕರೆಯಲು ಆಳು ಕಳಿಸಿದ. "ಮಗಳನ್ನ ಕರಿಯದ ಮನಿಗೆ ಸೊಸಿ ಹೆಂಗ ಬರ್ಲಿ? ಕೇಳು ಹೋಗು" ಎಂದು ಅವಳು ಆಳನ್ನು ಹಿಂದಕ್ಕೆ ಅಟ್ಟಿದಳು. ಹಟದಲ್ಲಿ ಅವಳೂ ಗೌಡರ ರಕ್ತವೇ.

ಮರುವರ್ಷದ ಶ್ರಾವಣ. ನಾಗರಪಂಚಮಿಗೆ ಅಣ್ಣತಮ್ಮಂದಿರು ಅಕ್ಕತಂಗಿಯರನ್ನು ತವರಿಗೆ ಕರೆದೊಯ್ಯಲು ಬರುವ ದಿನಗಳು. ಮೂವರೂ ಹೆಂಗಸರು ಪಡಸಾಲೆಯಲ್ಲಿದ್ದಾಗ ಬಾಗಿಲಲ್ಲಿ ಒಂದು ಬಂಡಿ ನಿಂತಿತು. ಎದುರು ಮನೆಗೆ ಬಂಡಿ ಯಾಕೆ ಬೇಕು? ಆದರೆ ಮಗಳನ್ನು ನಡೆಸಿಕೊಂಡು ಹೋಗುವ ಪದ್ಧತಿ ಗೌಡರ ಮನೆಯಲ್ಲಿ ಇರಲಿಲ್ಲ. ಅಂದಪ್ಪ ಇಳಿದು ಬಂದು ಹೊಸ್ತಿಲ ಹೊರಗೇ ನಿಂತ. ಹೆಂಡತಿಯ ಕಡೆ ನೋಡಲಿಲ್ಲ.

"ಅಕ್ಕಾರ..." ಎಂದು ಇಮಾಮಬಾನುವನ್ನು ಕರೆದ. "ಪಂಚಮಿಗೆ ಕರಿಯಾಕ ಬಂದೀನಿ. ಅಪ್ಪ ಹೇಳಿ ಕಳಿಸ್ಯಾನ."

ಇಮಾಮಬಾನು ಎದ್ದು ನಿಂತಳು. ಸೀಮೆಸುಣ್ಣ ಹಿಡಿದಿದ್ದ ತನ್ನ ಕೈಯನ್ನು ಅವನ ಮುಂದೆ ಚಾಚಿದಳು.

"ಅವತ್ತ ನೀವು ಇಲ್ಲಿ ನಿಂತಾಗ ಈ ಕೈ ಹಿಂಗ ನಡಗಿತ್ತು. ಇವತ್ತೂ ನಡಗಾಕತ್ತೈತಿ ನೋಡ್ರಿ. ಎಲ್ಲಾ ಮರತೀನಿ ಅಂತ ಸುಳ್ಳು ಹೇಳೂದಿಲ್ಲ." ಸ್ವಲ್ಪ ತಡೆದು, "ಆದ್ರ ಬರ್ತೀನಿ. ಸಾಲಿ ಬಿಡೂತನಕ ಕುಂದರ್ರಿ" ಎಂದಳು.

ಅಂದಪ್ಪ ಕಟ್ಟೆಯ ಮೇಲೆ ಕುಳಿತ. ಅವಳು ಪಾಠ ಮುಂದುವರಿಸಿದಳು, ಒಂದಕ್ಷರವನ್ನೂ ಅವಸರ ಮಾಡದೆ. ಕಸ್ತೂರೆಮ್ಮ ಒಳಗೆ ಹೋಗಿ ತನ್ನ ಸೀರೆಗಳನ್ನು ಗಂಟು ಕಟ್ಟತೊಡಗಿದಳು. ಅದನ್ನು ನೋಡುತ್ತ ನಿಂತ ಶಿವಬಸಮ್ಮನಿಗೆ ಅಳು ತಡೆಯಲಾಗಲಿಲ್ಲ.