ತನ್ನ ಎಲೆಗೆ ಬಡಿಸಿಕೊಳ್ಳದವಳು

2000ನೇ ಇಸವಿಯ ಗ್ರಾಮ ಪಂಚಾಯತಿ ಚುನಾವಣೆಯ ಹೊತ್ತಿಗೆ ನಾನು ಸಿದ್ದಾಪುರದಲ್ಲಿ ತೋಟಗಾರಿಕೆ ಇಲಾಖೆಯ ಸಹಾಯಕ ಅಧಿಕಾರಿ. ಕಾಳುಮೆಣಸಿನ ಬಳ್ಳಿಯ ಸೊರಗು ರೋಗದ ಬಗ್ಗೆ ಕೇಳಿದರೆ ನಿದ್ದೆಗಣ್ಣಲ್ಲೂ ಹೇಳುತ್ತಿದ್ದೆ; ಚುನಾವಣೆಯ ಗಂಧಗಾಳಿ ಇರಲಿಲ್ಲ. ಸರ್ಕಾರಕ್ಕೆ ಅದೆಲ್ಲ ಬೇಕೆ? ನಿಲ್ಕುಂದದ ಕಡೆಯ ಒಂದು ಪಂಚಾಯತಿಗೆ ನನ್ನನ್ನು ರಿಟರ್ನಿಂಗ್ ಆಫೀಸರ್ ಮಾಡಿ ಆದೇಶ ಬಂತು. ನಾಮಪತ್ರ ತೆಗೆದುಕೊಳ್ಳುವುದರಿಂದ ಹಿಡಿದು ಗೆದ್ದವರ ಹೆಸರು ಘೋಷಿಸುವವರೆಗೆ ಎಲ್ಲಕ್ಕೂ ಹೊಣೆ ಈ ಮನುಷ್ಯನದೇ. ಗೆದ್ದವನು ಹಾರ ಹಾಕಿಸಿಕೊಂಡು ಹೋಗುತ್ತಾನೆ, ಸೋತವನು ಇವನನ್ನು ಬೈದುಕೊಂಡು ಹೋಗುತ್ತಾನೆ. ಶನಿ ಹೆಗಲೇರಿತು ಎಂದುಕೊಂಡೇ ಕೆಲಸಕ್ಕೆ ಕೂತೆ.

ಆ ಪಂಚಾಯತಿಯ ಒಂದು ವಾರ್ಡು ಮಹಿಳೆಗೆ ಮೀಸಲಾಗಿತ್ತು. ಊರಿನ ಹೆಸರು ಬೇಡ, ಜನರ ಹೆಸರೂ ಬದಲಿಸಿದ್ದೇನೆ. ಹೊಳೆಯ ಈಚೆ ರಸ್ತೆ, ಹೈಸ್ಕೂಲು, ಅಂಗಡಿ. ಆಚೆ ಕೂಲಿಕಾರರ ಒಂದು ಕೇರಿ, ಒಂದು ಪ್ರಾಥಮಿಕ ಶಾಲೆ. ನಡುವೆ ಇದ್ದದ್ದು ಮರದ ದಿಮ್ಮಿಗಳನ್ನು ಅಡ್ಡ ಹಾಕಿ ಮಾಡಿದ ಸಂಕ. ಮಳೆಗಾಲದಲ್ಲಿ ಹೊಳೆ ಆ ಸಂಕದ ಮೇಲೇ ಹರಿಯುತ್ತಿತ್ತು.

ನಾಮಪತ್ರ ಕೊಡಲು ಹೆಂಗಸರು ಬಂದರೆ ಮಾತಾಡುವವರು ಗಂಡಂದಿರೇ. ಹೆಂಡತಿಯ ವಯಸ್ಸು ಕೇಳಿದರೂ ಗಂಡನೇ ಉತ್ತರ ಕೊಡುತ್ತಿದ್ದ. ಆಚೆ ಕೇರಿಯ ಗೌರಿ ಮಾತ್ರ ತನ್ನ ಸೂಚಕನನ್ನು ಹಿಂದೆ ನಿಲ್ಲಿಸಿ ತಾನೇ ಮುಂದೆ ಬಂದಳು. ಯಾಕೆ ನಿಲ್ಲುತ್ತೀಯಮ್ಮ ಎಂದು ಸುಮ್ಮನೆ ಕೇಳಿದೆ. ಅವಳ ಗಂಡ ಹಿಂದಿನೊಂದು ಆಷಾಢದಲ್ಲಿ ಆ ಸಂಕದಿಂದ ಜಾರಿ ಹೊಳೆಪಾಲಾಗಿದ್ದ. ಮಗಳು ಏಳನೇ ತರಗತಿ ಮುಗಿಸುವವಳಿದ್ದಳು. ಹೈಸ್ಕೂಲಿಗೆ ದಿನಾ ಅದನ್ನೇ ದಾಟಬೇಕು. "ಗಟ್ಟಿ ಸಂಕ ಬೇಕಂತ ಅರ್ಜಿ ಕೊಟ್ಟು ಕೊಟ್ಟು ಸಾಕಾಯ್ತು ಸಾಹೇಬ್ರೇ. ಮೀಟಿಂಗಿನೊಳಗೆ ಕೂತು ಕೇಳಿದ್ರಾದ್ರೂ ಕೊಡ್ತಾರೇನೋ," ಎಂದಳು. ಇನ್ನು ಎಲ್ಲೂ ದಾರಿ ಉಳಿಯದವರ ಮುಖ ಹೇಗಿರುತ್ತದೆ ಎಂದು ಅಂದು ಕಂಡೆ.

ಅವಳ ಎದುರು ನಿಂತವರು ಈಚೆ ದಡದ ತೋಟದ ಮನೆಯ ಭಾಗೀರಥಮ್ಮ. ಗೌರಿ ಅಡಿಕೆ ಸುಲಿಯಲು ಹೋಗುತ್ತಿದ್ದದ್ದೇ ಅವರ ಮನೆಗೆ. ಭಾಗೀರಥಮ್ಮ ಮಾತು ಕಡಿಮೆಯ, ಒಳ್ಳೆಯ ಹೆಂಗಸು. ಅವರ ಯಜಮಾನರಿಗೆ ಮಾತ್ರ ತಮ್ಮ ಮನೆ ಬಾಗಿಲಿಗೆ ಡಾಂಬರು ರಸ್ತೆ ಬರಬೇಕಿತ್ತು. ಸಂಕ ಅವರ ಕಣ್ಣಿಗೆ ಬಿದ್ದದ್ದೇ ಇಲ್ಲ. ಬೇರೆ ಯಾರೂ ಕಣದಲ್ಲಿರಲಿಲ್ಲ.

ಎಣಿಕೆ ನಡೆದದ್ದು ಸಿದ್ದಾಪುರದ ಒಂದು ಶಾಲೆಯ ಕೋಣೆಯಲ್ಲಿ. ಆಗ ಮತಯಂತ್ರವಲ್ಲ, ಕಾಗದ. ಚಿಹ್ನೆಯ ಪ್ರಕಾರ ಮತಪತ್ರ ಬಿಡಿಸಿ, ಕಟ್ಟು ಕಟ್ಟಿ ಎಣಿಸಬೇಕು. ಈ ವಾರ್ಡಿನ ಎಣಿಕೆ ಮುಗಿದಾಗ ಭಾಗೀರಥಮ್ಮನಿಗೆ ಒಂದೇ ಒಂದು ಓಟು ಹೆಚ್ಚು. ಗೌರಿ ಮೇಜಿನ ಅಂಚು ಹಿಡಿದುಕೊಂಡಳು. ಮರು ಎಣಿಕೆ ಕೇಳಬಹುದು, ಬರೆದು ಕೊಡಬೇಕು ಎಂದೆ. ಕೊಟ್ಟಳು. ಕಟ್ಟು ಬಿಚ್ಚಿ ನಾನೇ ಎಣಿಸಿದೆ. ತಿರಸ್ಕರಿಸಿದ ಪತ್ರಗಳನ್ನೂ ಒಂದೊಂದಾಗಿ ಬೆಳಕಿಗೆ ಹಿಡಿದೆ. ಸುಳ್ಳು ಯಾಕೆ ಹೇಳಲಿ, ಅವಳಿಗೊಂದು ಸಿಗಲಿ ದೇವರೇ ಎಂದೇ ನೋಡಿದೆ. ಒಂದರಲ್ಲಿ ಮುದ್ರೆಯ ಬದಲು ಹೆಬ್ಬೆಟ್ಟು, ಒಂದರಲ್ಲಿ ಎರಡೂ ಚಿಹ್ನೆಗೆ ಮುದ್ರೆ. ಕಾನೂನಿನಲ್ಲಿ ಯಾವುದಕ್ಕೂ ಜಾಗವಿಲ್ಲ. ಮತ್ತೆ ಅದೇ ಲೆಕ್ಕ.

ಇನ್ನೊಮ್ಮೆ ಎಣಿಸಿ ಎಂದು ಗೌರಿ ಬೇಡಿಕೊಂಡಳು. ಆಗದಮ್ಮ, ಓಟು ಎಷ್ಟಿದೆಯೋ ಅಷ್ಟೇ ಇದೆ ಎಂದೆ. ಅವಳು ಮೇಜಿನ ಮೇಲೆ ಬಾಗಿ, ನನಗೊಬ್ಬನಿಗೇ ಎನ್ನುವಂತೆ ಕೇಳಿದಳು.

"ಒಂದು ಓಟು ವಾಪಸ್ ತಗೊಳ್ಳೂಕೆ ಬರ್ತದಾ? ನನ್ನ ಓಟು ನಾ ಅಮ್ಮನೋರಿಗೇ ಹಾಕಿದ್ದೆ."

ಹೊರಗಿನವರಿಗೆ ಇದು ಹುಚ್ಚುತನವಾಗಿ ಕಾಣಬಹುದು. ನಮ್ಮ ಕಡೆ ಹಾಲಿನ ಸಂಘವಿರಲಿ, ದೇವಸ್ಥಾನದ ಸಮಿತಿಯಿರಲಿ, ಇಬ್ಬರು ನಿಂತರೆ ಒಬ್ಬರು ಇನ್ನೊಬ್ಬರಿಗೆ ಓಟು ಹಾಕುವುದು ಹಳೇ ಮರ್ಯಾದೆ. ತನ್ನ ಓಟು ತನಗೇ ಹಾಕಿಕೊಳ್ಳುವುದೆಂದರೆ ಪಂಕ್ತಿಯಲ್ಲಿ ಕೂತು ತನ್ನ ಎಲೆಗೆ ತಾನೇ ಬಡಿಸಿಕೊಂಡ ಹಾಗೆ. ಕೈ ಎತ್ತಿ ಓಟು ಹಾಕುವ ಕಾಲದಿಂದ ಬಂದ ರೂಢಿ ಅದು. ಎದುರಾಳಿಯೂ ಅದನ್ನೇ ಪಾಲಿಸಿದರೆ ಅದಕ್ಕದು ಸರಿಹೋಗುತ್ತಿತ್ತು. ಪರದೆಯ ಹಿಂದೆ ಯಾರೂ ನೋಡದ ಜಾಗದಲ್ಲೂ ಗೌರಿ ಆ ಮರ್ಯಾದೆ ಬಿಟ್ಟಿರಲಿಲ್ಲ. ಆ ಒಂದು ಮುದ್ರೆ ತನ್ನ ಚಿಹ್ನೆಗೆ ಬಿದ್ದಿದ್ದರೆ ಅವಳೇ ಒಂದು ಓಟಿನಿಂದ ಗೆಲ್ಲುತ್ತಿದ್ದಳು.

ಭಾಗೀರಥಮ್ಮನಿಗೂ ಅದು ಕೇಳಿಸಿತ್ತು. ಅವರು ಎದ್ದು ಬಂದು ಗೌರಿಯ ಎದುರು ನಿಂತರು.

"ನಾ ನಂಗೇ ಹಾಕ್ಕಂಡೆ ಗೌರಿ. ಮನೆಯವ್ರು ಹಾಂಗೇ ಮಾಡು ಹೇಳಿದ್ರು."

ಆಮೇಲೆ ನನ್ನತ್ತ ತಿರುಗಿ, ಈ ಸೀಟು ಅವಳಿಗೆ ಬಿಟ್ಟುಕೊಡಲು ಬರುತ್ತದೆಯೇ ಎಂದು ಕೇಳಿದರು. ಹೇಗೆ ಬಂದೀತು? ಘೋಷಣೆಯಾದ ಮೇಲೆ ರಾಜೀನಾಮೆ ಕೊಡಬಹುದು, ಆಗ ಮತ್ತೆ ಚುನಾವಣೆ. ಇವತ್ತು ಇಲ್ಲಿ ಬಿಟ್ಟುಕೊಡುವ ದಾರಿಯಿಲ್ಲ ಎಂದೆ. ಬಾಗಿಲಲ್ಲಿದ್ದ ಯಜಮಾನರಿಗೆ ರಾಜೀನಾಮೆ ಎಂಬ ಶಬ್ದ ಸಾಕಾಯಿತು. "ಎಂತದೂ ಬೇಡ, ನಡೆಯೇ ಮನೆಗೆ," ಎಂದರು. ಭಾಗೀರಥಮ್ಮ ಮತ್ತೆ ಬಾಯಿ ಬಿಡಲಿಲ್ಲ. ನಾನು ಹೆಸರು ಘೋಷಿಸಿದೆ. ಹಾರ ಅವರ ಕೊರಳಿಗೆ ಬಿತ್ತು, ಕಣ್ಣೀರು ಇಬ್ಬರಿಗೂ ಬಂತು. ಆ ಘೋಷಣೆಗೆ ಸಹಿ ಹಾಕುವಾಗ ಆದ ಸಂಕಟ ನನಗೆ ನೌಕರಿಯಲ್ಲಿ ಇನ್ನೆಂದೂ ಆಗಲಿಲ್ಲ.

ಐದು ವರ್ಷ ಕಳೆದು ಯಲ್ಲಾಪುರಕ್ಕೆ ವರ್ಗವಾಗಿದ್ದೆ. ಮುಂದಿನ ಪಂಚಾಯತಿ ಚುನಾವಣೆ ಹತ್ತಿರ ಬಂದಿತ್ತು, ಮತ್ತೆ ಅದೇ ಆದೇಶ. ಆಗೊಮ್ಮೆ ಶಿರಸಿ ಬಸ್ ಸ್ಟ್ಯಾಂಡಿನಲ್ಲಿ ಗೌರಿ ಸಿಕ್ಕಿದಳು. ಅವಳೇ ಗುರುತು ಹಿಡಿದು ಮಾತಾಡಿಸಿದಳು. ಭಾಗೀರಥಮ್ಮ ಮೀಟಿಂಗಿನಲ್ಲಿ ಬಾಯಿಬಿಡಲು ಕಲಿಯುವಷ್ಟರಲ್ಲಿ ಮೂರು ಮಳೆಗಾಲ ದಾಟಿತಂತೆ. ಆದರೂ ಬಿಡದೆ ಹಠ ಹಿಡಿದು, ಹೋದ ವರ್ಷ ಸಿಮೆಂಟಿನ ಕಾಲುಸಂಕ ಮಾಡಿಸಿದರಂತೆ.

"ಒಳ್ಳೆದಾಯ್ತಲ್ಲ. ಮಗಳು ಈಗ ಕಾಲೇಜಾ?" ಎಂದೆ.

"ಎಲ್ಲಿ ಸಾಹೇಬ್ರೇ. ನಾ ಸೋತ ವರ್ಷದ ಮಳೆಗಾಲಕ್ಕೇ ಶಾಲೆ ಬಿಡ್ಸಿದೆ. ಅವರಪ್ಪನ್ನ ಅಲ್ಲೇ ಕಳ್ಕೊಂಡವ್ಳು ನಾನು, ಅವಳನ್ನ ಹೆಂಗೆ ದಾಟ್ಸಲಿ? ಹೋದ ತಿಂಗ್ಳು ಮದುವೆ ಮಾಡಿ ಕೊಟ್ಟೆ. ಹೊಸ ಸಂಕದ ಮೇಲೇ ದಿಬ್ಬಣ ಹೋಯ್ತು."

ಅವಳ ಬಸ್ಸು ಬಂತು, ಹತ್ತಿ ಹೋದಳು.

ಎಣಿಸುವವನ ತಪ್ಪಿಗೆ ಕಾನೂನಿನಲ್ಲಿ ಮರು ಎಣಿಕೆ ಇದೆ, ಓಟು ಹಾಕುವವರ ಸಂಕೋಚಕ್ಕೆ ಏನೂ ಇಲ್ಲ. ಆ ಸಲ ಯಲ್ಲಾಪುರದಲ್ಲಿ ಚಿಹ್ನೆ ಹಂಚುವಾಗಿನಿಂದ ಹಿಡಿದು ನಿವೃತ್ತಿಯಾಗುವವರೆಗೂ ಎಲ್ಲ ಅಭ್ಯರ್ಥಿಗಳಿಗೂ ಒಂದು ಮಾತು ಹೇಳುತ್ತಿದ್ದೆ. ನಗುವವರು ನಗುತ್ತಿದ್ದರು. ನಾನು ಹೆಂಗಸರ ಬೆಂಚಿನ ಕಡೆ ನೋಡಿ ಇನ್ನೊಮ್ಮೆ ಹೇಳುತ್ತಿದ್ದೆ: "ನಿಮ್ಮ ಓಟು ನಿಮಗೇ ಹಾಕಿಕೊಳ್ಳಿ, ನಾಚಿಕೆ ಬೇಡ. ನೀವು ಯಾರಿಗೋಸ್ಕರ ನಿಂತಿದ್ದೀರೋ, ಅದು ಅವರ ಓಟು."