ಗರಿ ಹಳದಿಯಾದ ಮೇಲೂ ಹಾಕಿಸಿದ ನೀರು

ಸಾವಿತ್ರಿಯ ಬೆಳ್ಳುಳ್ಳಿ ಕೊಳೆತದ್ದು ಅವಳ ಕೈಗುಣದಿಂದಲ್ಲ, ನನ್ನ ಮಾತಿನಿಂದ. ಬೇಕೆಂದೇ ಆಡಿದ ಮಾತಿನಿಂದ.

ಸಾವಿತ್ರಿ ನನ್ನ ವಾರಗಿತ್ತಿ, ಮೈದುನನ ಹೆಂಡತಿ. ಅಕ್ಕೂರಿನಲ್ಲಿ ನಮ್ಮಿಬ್ಬರ ಹಿತ್ತಲ ನಡುವೆ ಇರುವುದು ಒಂದು ಸಾಲು ಕಲ್ಲುಚಪ್ಪಡಿ ಅಷ್ಟೇ. ಅವಳು ಬರುವ ಮುಂಚೆ ಊರಲ್ಲಿ ಬೆಳ್ಳುಳ್ಳಿ ಅಂದರೆ ನಾನು. ಬಾಣಂತಿ ಇರುವ ಮನೆಯವರು ನನ್ನ ಹಿತ್ತಲಿಗೇ ಬರಬೇಕು, ನಾನು ಹೇಳಿದ್ದೇ ರೇಟು. ಚನ್ನಪಟ್ಟಣದ ಸಂತೆಯಲ್ಲಿ ಚೌಕಾಸಿ ಮಾಡಿ ಮಾಡಿಯೇ ಬದುಕು ಕಟ್ಟಿಕೊಂಡವಳು ನಾನು — ಯಾರಿಗೂ ಸೋತು ಗೊತ್ತಿರಲಿಲ್ಲ. ಸಾವಿತ್ರಿ ಮದುವೆಯಾಗಿ ಬಂದ ಮೊದಲ ಚಳಿಗಾಲಕ್ಕೇ ಅವಳ ಬೆಳ್ಳುಳ್ಳಿ ಮಡಿ ನನ್ನದಕ್ಕಿಂತ ಸೊಂಪಾಗಿ ನಿಂತಿತು. ಅದನ್ನು ನೋಡಿ ನನಗೆ — ಹೊಟ್ಟೆಕಿಚ್ಚು, ಬೇರೆ ಹೆಸರಿಲ್ಲ ಅದಕ್ಕೆ.

ನೀವೂ ಹಾಕುವವರಾದರೆ ಕೇಳಿ. ಮಳೆ ನಿಂತು ಚಳಿ ಶುರುವಾದಾಗ ದಪ್ಪ ಎಸಳನ್ನೇ ಆರಿಸಿ, ಚೂಪು ತುದಿ ಮೇಲೆ ಮಾಡಿ ಊರಿ. ನೀರು ಹದವಾಗಿರಲಿ. ಗರಿಯ ತುದಿ ಹಳದಿಯಾಗಿ ಬಾಗತೊಡಗಿತೋ, ಗೆಡ್ಡೆ ಬಲಿಯುತ್ತಿದೆ ಎಂದರ್ಥ. ಅಲ್ಲಿಗೆ ನೀರು ಬಂದ್. ಹಾಕಿದರೆ ಮಣ್ಣೊಳಗೇ ಕೊಳೆಯುತ್ತದೆ.

ಇದು ನನಗೆ ಗೊತ್ತಿತ್ತು. ಅವಳಿಗೆ ಗೊತ್ತಿರಲಿಲ್ಲ — ಅದಕ್ಕೇ ಕೇಳಿದಳು.

“ಅಕ್ಕ, ಗರಿ ಹಳದಿ ಆಯ್ತಾ ಐತೆ. ನೀರು ನಿಲ್ಲುಸ್ಲಾ?”

“ಬಾಯಾರ್ಕೆ ಕಣೇ ಅದುಕ್ಕೆ. ಇನ್ನೂ ಒಸಿ ಜಾಸ್ತಿನೇ ಬುಡು.”

ಕಿತ್ತಾಗ ಕೈಗೆ ಬಂದದ್ದು ನಾರುವ ಲೋಳೆ. ಅತ್ತೆ ನೋಡಿ, “ನಿನ್ ಕೈ ಮಣ್ಣಿಗೆ ಆಗ್ಬರಕಿಲ್ಲ ಬುಡವ್ವ” ಅಂದರು. ನಾನು ಅಲ್ಲೇ ನಿಂತಿದ್ದೆ. ಬಾಯಿ ಬಿಡಲಿಲ್ಲ.

ನಮ್ಮಲ್ಲಿ ಯಾವ ಪೈರಿನ ಮಡಿಗೂ ಮೊದಲ ಹಿಡಿ ಬೀಜ ಹಾಕಲು ಕೈಗುಣವಿರುವ ಹೆಂಗಸನ್ನು ಕರೆಯುತ್ತಾರೆ. ಆಮೇಲೆ ಸಾವಿತ್ರಿಯನ್ನು ಯಾರೂ ಕರೆಯಲಿಲ್ಲ. ಅವಳೂ ನಂಬಿಬಿಟ್ಟಳು, ಒಂದು ಕರಿಬೇವಿನ ಗಿಡ ನೆಡಬೇಕಾದರೂ ಗಂಡನನ್ನು ಕೂಗುತ್ತಿದ್ದಳು. ಅದು ಕೇಳಿಸಿದಾಗಲೆಲ್ಲ ನಾನು — ಒಳಗೆ ಹೋಗಿಬಿಡುತ್ತಿದ್ದೆ.

ಇಪ್ಪತ್ತೆರಡು ವರ್ಷ ಹೀಗೇ ಕಳೆಯಿತು. ಈ ಸಲ ಅವಳ ಮಗಳು ಬಸುರಿ. ಬಾಣಂತನಕ್ಕೆ ಮನೆಯ ಬೆಳ್ಳುಳ್ಳಿಯೇ ಆಗಲಿ ಎಂದು ಮಡಿ ಮಾಡಿಸಿ, ಎಸಳು ತುಂಬಿದ ಮೊರ ತಂದು ನನ್ನ ಮುಂದೆ ಹಿಡಿದಳು.

“ನೀನೇ ಊರಕ್ಕ. ನನ್ ಕೈ ಬ್ಯಾಡ, ಮಗೀನ್ ವಿಷ್ಯ.”

ಮೊರ ಈಸಿಕೊಳ್ಳಲಾಗಲಿಲ್ಲ. ಹೇಳಿಬಿಟ್ಟೆ — ಎಲ್ಲವನ್ನೂ.

ಅವಳು ಮೊರವನ್ನು ಮಡಿಯ ಅಂಚಿಗೆ ಇಳಿಸಿದಳು. “ನಂಗೊಬ್ಳಿಗೇ ಯೋಳುದ್ರೆ ಆಯ್ತದಾ? ಊರೇ ಅಂದೈತೆ ನನ್ ಕೈ ಸರಿಯಿಲ್ಲ ಅಂತ.” ಅವಳೇ ಕುಕ್ಕರುಗಾಲಲ್ಲಿ ಕೂತು, ನಿಧಾನವಾಗಿ, ಒಂದೊಂದೇ ಎಸಳು ಊರಿದಳು. ನನಗೆ ಮುಟ್ಟಗೊಡಲಿಲ್ಲ.

ಮಾರನೆಯ ಬೆಳಿಗ್ಗೆ ಹಾಲಿನ ಡೇರಿಯ ಮುಂದೆ, ಕ್ಯಾನು ಹಿಡಿದು ಸಾಲು ನಿಂತ ಹೆಂಗಸರಿಗೆಲ್ಲ ಹೇಳಿದೆ.

“ಬೆಳ್ಳುಳ್ಳಿ ತಿಂದೋರ್ಗೆ ಬಾಯಿ ನಾರ್ತದೆ. ನಿಂಗೆ ಹೊಟ್ಟೇನೇ ನಾರ್ತಿತ್ತು ಅನ್ನು,” ಅಂದಳು ಎದುರುಮನೆಯ ರತ್ನಮ್ಮ. ಯಾರೂ ನಗಲಿಲ್ಲ. ಆಮೇಲೆ ಅವಳು ಸಾಲಿನ ಕೊನೆಗೆ ತಿರುಗಿ, “ಸಾವಿತ್ರಿ, ನಾಳೀಕೆ ಟೊಮಾಟೊ ಬೀಜ ಹಾಕ್ತೀವಿ. ಮೊದ್ಲು ನೀನೇ ಬಂದು ಹಾಕ್ಬುಡು” ಅಂದಳು.

“ಬತ್ತೀನಿ,” ಅಂದಳು ಸಾವಿತ್ರಿ. ಹೋದಳು ಕೂಡ.

ನನ್ನೊಡನೆ ಇನ್ನೂ ಮಾತಾಡಿಲ್ಲ. ಆಡು ಎಂದು ಕೇಳುವ ಹಕ್ಕು ನನಗಿಲ್ಲ. ಕೆಳಗಿನ ಬೀದಿಯ ಮನೆಗಳಿಗೆ ಸುದ್ದಿ ಇನ್ನೂ ಮುಟ್ಟಿಲ್ಲ. ಬೇರೆಯವರ ಬಾಯಿಂದ ತಿಳಿಯುವ ಮುಂಚೆ ನಾನೇ ಹೇಳಬೇಕು. ಹೊರಟಿದ್ದೇನೆ.